ಒಂದು ಮೇಜು, ಮೂರು ಟನ್ ಇಟ್ಟಿಗೆ, ಒಂದು ಊರು

(ವಾಸ್ತುಶಿಲ್ಪ ಓದುವ ಹುಡುಗ ಹುಡುಗಿಯರು, ಬಡಾವಣೆ ಸಂಘದ ಹಿರಿಯರು, ವಿಡಿಯೋ ಗೇಮ್ ಆಡುವ ಒಂದಿಷ್ಟು ಮಂದಿ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಆಡುವಾಗ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

2005ರಲ್ಲಿ ಅಲ್ಬೇನಿಯಾ ದೇಶದ ರಾಜಧಾನಿ ಟಿರಾನಾದ ಒಂದು ಚೌಕಕ್ಕೆ ಮೂರು ಟನ್ ಲೆಗೋ ಇಟ್ಟಿಗೆ ಬಂದಿಳಿಯಿತು. ಎಲ್ಲವೂ ಬಿಳಿ. ಲೆಗೋ ಗೊತ್ತಲ್ಲ, ಮಕ್ಕಳು ಒಂದರ ಮೇಲೊಂದು ಒತ್ತಿ ಕೂರಿಸುವ ಪ್ಲಾಸ್ಟಿಕ್ ತುಂಡುಗಳು. ಮೇಲೆ ಎಂಟು ಗುಬುಟು, ಅಂದರೆ ಪುಟ್ಟ ಉಬ್ಬು, ಇರುವ ಒಂದು ಇಟ್ಟಿಗೆ ಎರಡು ಚಿಲ್ಲರೆ ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ಮೂರು ಟನ್ ಅಂದರೆ ಹತ್ತು ಲಕ್ಷಕ್ಕೂ ಜಾಸ್ತಿ. ಅವನ್ನೆಲ್ಲ ಮೇಜುಗಳ ಮೇಲೆ ಸುರಿದರು. ಆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ನಿಲ್ಲಬಹುದು, ತಮ್ಮ ಊರು ಮುಂದೆ ಹೇಗಿರಬೇಕೋ ಹಾಗೆ ಕಟ್ಟಬಹುದು. ಟಿಕೆಟ್ಟಿಲ್ಲ, ಹೆಸರು ಬರೆಸಬೇಕಾಗಿಲ್ಲ.

ಇದನ್ನು ಮಾಡಿದವರು ಒಲಾಫುರ್ ಎಲಿಯಾಸನ್. ಡೆನ್ಮಾರ್ಕ್‌ನಲ್ಲಿ ಹುಟ್ಟಿದ, ಐಸ್‌ಲ್ಯಾಂಡ್ ಮೂಲದ ಕಲಾವಿದ. 2003ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಮ್ಮಿನ ದೊಡ್ಡ ಹಜಾರದಲ್ಲಿ ಒಂದು ಕೃತಕ ಸೂರ್ಯ ಹುಟ್ಟಿಸಿದವರು ಇವರೇ. ಜನ ಆ ಬೆಳಕಿನ ಕೆಳಗೆ ನೆಲದ ಮೇಲೆ ಮಲಗಿಬಿಡುತ್ತಿದ್ದರಂತೆ. ಟಿರಾನಾದ ಕೆಲಸಕ್ಕೆ ಅವರು ಇಟ್ಟ ಹೆಸರು ‘ದಿ ಕಲೆಕ್ಟಿವಿಟಿ ಪ್ರಾಜೆಕ್ಟ್’. ಆಮೇಲೆ ಅದು ಆಸ್ಲೋಗೆ ಹೋಯಿತು, ಕೋಪನ್‌ಹೇಗನ್‌ಗೆ ಹೋಯಿತು, 2015ರ ಬೇಸಿಗೆಯಲ್ಲಿ ನ್ಯೂಯಾರ್ಕಿಗೂ ಹೋಯಿತು. ಇದೇ ಜಾತಿಯ ಇನ್ನೊಂದು ಕೃತಿ, ಒಂದು ಟನ್ ಬಿಳಿ ಇಟ್ಟಿಗೆಯದ್ದು, 2019ರಲ್ಲಿ ಟೇಟ್ ಮಾಡರ್ನ್‌ನಲ್ಲಿ ಇತ್ತು.

ಟಿರಾನಾನೇ ಯಾಕೆ ಅನ್ನೋದು ಮುಖ್ಯ. ಅಲ್ಬೇನಿಯಾದಲ್ಲಿ ದಶಕಗಟ್ಟಲೆ ಎನ್ವರ್ ಹೋಜಾನ ಕಮ್ಯುನಿಸ್ಟ್ ಆಡಳಿತ ಇತ್ತು. ಸಾಮಾನ್ಯ ಮನುಷ್ಯ ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿರಲಿಲ್ಲ. ಎಲ್ಲಿ ವಾಸ ಮಾಡಬೇಕು ಅನ್ನೋದನ್ನೂ ಸರಕಾರವೇ ಹೇಳುತ್ತಿತ್ತು. 1991ರ ಹೊತ್ತಿಗೆ ಅದೆಲ್ಲ ಬಿತ್ತು. ಜನ ಹಳ್ಳಿ ಬಿಟ್ಟು ರಾಜಧಾನಿಗೆ ನುಗ್ಗಿದರು. ಖಾಲಿ ಜಾಗ ಕಂಡಲ್ಲಿ ಮನೆ ಎದ್ದಿತು. ಊರಿನ ನಡುವೆ ಹರಿಯುವ ಲಾನಾ ನದಿಯ ದಡದಲ್ಲಿ, ಪಾರ್ಕುಗಳಲ್ಲಿ ಪೆಟ್ಟಿಗೆ ಅಂಗಡಿ, ಹೋಟೆಲು, ಕಟ್ಟಡ ತುಂಬಿಕೊಂಡವು. 1997ರಲ್ಲಿ ಚೈನ್ ಚೀಟಿ ಥರದ ಹಣದ ಸ್ಕೀಮುಗಳು ಮುಳುಗಿ, ಜನರ ಉಳಿತಾಯ ಹೋಗಿ ದೊಡ್ಡ ಗಲಭೆ ಆಯಿತು. 2000ದಲ್ಲಿ ಎಡಿ ರಾಮ ಎಂಬ ಚಿತ್ರಕಾರ ಮೇಯರ್ ಆದರು. ಈಗ ಅವರು ಆ ದೇಶದ ಪ್ರಧಾನಿ. ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಅವರು ಮಾಸಿದ ಬೂದು ಕಟ್ಟಡಗಳಿಗೆ ಕೇಸರಿ, ಹಳದಿ, ನೀಲಿ ಬಣ್ಣ ಹೊಡೆಸಿದರು. ನದಿ ದಡದ ಅಕ್ರಮ ಕಟ್ಟಡಗಳನ್ನು ತೆಗೆಸಿದರು.

ಅಂದರೆ ಒಂದು ತಲೆಮಾರಿನಲ್ಲಿ ಆ ಊರಿನ ಜನ ಎರಡು ಬಗೆಯ ಊರು ನೋಡಿದ್ದರು. ಒಂದು, ಮೇಲಿನವರು ಕಟ್ಟಿಕೊಟ್ಟದ್ದು. ಇನ್ನೊಂದು, ಯಾರನ್ನೂ ಕೇಳದೆ ಒಬ್ಬೊಬ್ಬರೇ ಕಟ್ಟಿಕೊಂಡದ್ದು. ಪಕ್ಕದವರ ಜೊತೆ ಮಾತಾಡಿಕೊಂಡು ಕಟ್ಟುವ ಊರು ಅವರ ಅನುಭವದಲ್ಲೇ ಇರಲಿಲ್ಲ. ಆ ಬಿಳಿ ಇಟ್ಟಿಗೆಗಳು ಬಂದು ಬಿದ್ದದ್ದು ಅಂಥವರ ಮುಂದೆ.

ಈಗ ಮೇಜಿನ ಹತ್ತಿರ ಹೋಗೋಣ. ಅಲ್ಲಿ ನಡೆಯುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲು ಬಂದವರಿಗೆ ಏನೂ ಕಷ್ಟವಿಲ್ಲ. ಮೇಜು ಖಾಲಿ, ರಾಶಿ ದೊಡ್ಡದು. ಬೇಕಾದ ಗೋಪುರ ಕಟ್ಟುತ್ತಾರೆ. ಲೆಗೋ ಇಟ್ಟಿಗೆಯ ಗುಣವೇ ಅದು. ಎಂಟು ಗುಬುಟಿನ ಆರೇ ಆರು ಇಟ್ಟಿಗೆ ಕೊಟ್ಟರೆ ಅವನ್ನು 91,51,03,765 ರೀತಿಯಲ್ಲಿ ಜೋಡಿಸಬಹುದು. ಗಣಿತದವರು ಎಣಿಸಿ ಇಟ್ಟ ಲೆಕ್ಕ ಇದು. ಹಾಗಾಗಿ ಕಲ್ಪನೆಗೆ ಬರ ಇಲ್ಲ. ಕೆಲವು ಗಂಟೆ ಕಳೆಯಲಿ. ಮೇಜು ತುಂಬುತ್ತದೆ. ಬಿಡಿ ಇಟ್ಟಿಗೆಯ ರಾಶಿ ಕರಗುತ್ತದೆ. ಆಮೇಲೆ ಬಂದವಳೊಬ್ಬಳು ಸೇತುವೆ ಕಟ್ಟಬೇಕು ಅಂದುಕೊಳ್ಳುತ್ತಾಳೆ ಅನ್ನಿ. ಅವಳಿಗೆ ಬೇಕಾದ ಉದ್ದನೆಯ ಇಟ್ಟಿಗೆಗಳೆಲ್ಲ ಯಾರದೋ ಗೋಪುರದಲ್ಲಿ ಸೇರಿಹೋಗಿವೆ. ಕಟ್ಟಿದವರು ಅಲ್ಲಿಲ್ಲ, ಮನೆಗೆ ಹೋಗಿದ್ದಾರೆ. ಈಗ ಅವಳು ಏನು ಮಾಡಬೇಕು?

ಬಿಚ್ಚಬಹುದು. ಪೂರ್ತಿ ಬಿಚ್ಚಬಹುದು, ಅಥವಾ ಮೇಲಿನ ನಾಲ್ಕು ಸಾಲು ಮಾತ್ರ. ಗೋಪುರವನ್ನು ಹಾಗೇ ಉಳಿಸಿ ಅದರ ಹೆಗಲಿನಿಂದಲೇ ಸೇತುವೆ ಶುರು ಮಾಡಬಹುದು. ಪಕ್ಕದಲ್ಲಿ ನಿಂತ ಅಪರಿಚಿತನನ್ನು, ಇದು ನಿಮ್ಮದಾ, ಸ್ವಲ್ಪ ತಗೊಳ್ಳಲಾ ಅಂತ ಕೇಳಬಹುದು. ಯಾವುದೇ ಮಾಡಿದರೂ ಅದು ಒಂದು ತೀರ್ಮಾನ. ನನ್ನ ಪ್ರಕಾರ ಕಲೆ ಇರುವುದು ಆ ಘಳಿಗೆಯಲ್ಲಿ. ಬಿಳಿ ಗೋಪುರಗಳ ಚಂದದ ಫೋಟೋ ಅದರ ಪಕ್ಕದಲ್ಲಿ ಏನೂ ಅಲ್ಲ. ಇನ್ನೊಬ್ಬರು ಕಟ್ಟಿದ್ದರ ಮುಂದೆ ನಿಂತು, ಅವರು ಇಲ್ಲದಾಗ, ಅದನ್ನು ಏನು ಮಾಡಬೇಕು ಅಂತ ಯೋಚಿಸುವುದು ಊರು ಕಟ್ಟುವ ಕೆಲಸದ ಬುಡ. ಇವತ್ತು ನಾನು ಹೇಳಬೇಕು ಅಂತ ಬಂದದ್ದೂ ಇದನ್ನೇ.

ನಮ್ಮ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವಾಗ ಕೆಳಗೆ ಒಂದು ಪಾರ್ಕು ಮಾಡುತ್ತಾರಲ್ಲ. ರಾಗಿ ಚೆಲ್ಲಿ ಹಸಿರು ಬರಿಸಿ, ಕನ್ನಡಿ ಇಟ್ಟು ಕೆರೆ ಮಾಡಿ, ಪಕ್ಕದಲ್ಲಿ ಶೆಟ್ಟರ ಅಂಗಡಿ ಕೂರಿಸಿ. ಅದೂ ಒಂದು ಊರೇ, ಬಹಳ ಮುದ್ದಾದ ಊರು. ಆದರೆ ಅದು ಆ ಮನೆಯವರ ಊರು. ನೋಡೋಕೆ ಬಂದ ಮಕ್ಕಳು ಕೈ ಹಾಕಿದರೆ ಬೈಗುಳ ಗ್ಯಾರಂಟಿ. ಟಿರಾನಾದ ಮೇಜಿನಲ್ಲಿ ಬಂದವರೆಲ್ಲ ಕೈ ಹಾಕಲೇಬೇಕು. ಹಾಕದಿದ್ದರೆ ಅಲ್ಲಿ ಇರುವುದು ಬರೀ ಪ್ಲಾಸ್ಟಿಕ್ ರಾಶಿ.

ನ್ಯೂಯಾರ್ಕಿನಲ್ಲಿ ಈ ಆಟಕ್ಕೆ ಇನ್ನೊಂದು ತಿರುವು ಸಿಕ್ಕಿತು. ಅಲ್ಲಿ ಮೇಜು ಇಟ್ಟದ್ದು ಹೈ ಲೈನ್‌ನಲ್ಲಿ. ಹಳೆಯ ಗೂಡ್ಸ್ ರೈಲಿನ ಎತ್ತರದ ಹಳಿಯನ್ನು ಪಾರ್ಕು ಮಾಡಿದ ಜಾಗ ಅದು. ಹಳಿ ಕೆಡವಬೇಕು ಅಂತ ಒತ್ತಡ ಇದ್ದಾಗ ಅಕ್ಕಪಕ್ಕದ ನಿವಾಸಿಗಳೇ ಸಂಘ ಕಟ್ಟಿ ಉಳಿಸಿಕೊಂಡರು, 2009ರಲ್ಲಿ ಮೊದಲ ಭಾಗ ಜನರಿಗೆ ತೆರೆಯಿತು. ಅಲ್ಲಿಗೆ ಎರಡು ಟನ್ ಬಿಳಿ ಇಟ್ಟಿಗೆ ಬಂತು. ಈ ಸಲ ಮೇಜು ಖಾಲಿ ಇರಲಿಲ್ಲ. ಬಿಐಜಿ, ಓಎಂಎ, ರೆಂಜೋ ಪಿಯಾನೋ ಅವರ ಕಚೇರಿ, ಡಿಲ್ಲರ್ ಸ್ಕೊಫಿಡಿಯೋ ಪ್ಲಸ್ ರೆನ್‌ಫ್ರೋ ಇಂಥ ಪ್ರಪಂಚದ ಹೆಸರಾಂತ ವಾಸ್ತುಶಿಲ್ಪಿಗಳ ಕಚೇರಿಗಳಿಂದ ಒಂದೊಂದು ಕಟ್ಟಡ ಮೊದಲೇ ಕಟ್ಟಿಸಿ ಇಟ್ಟಿದ್ದರು. ಆಮೇಲೆ ಜನರನ್ನು ಬಿಟ್ಟರು. ಜನ ಅವಕ್ಕೆ ಅಂಟಿಸಿದರು, ಕಿತ್ತರು, ಸುತ್ತ ಬೇರೆ ಕಟ್ಟಿದರು. ಬೇಸಿಗೆ ಕಳೆಯುವಷ್ಟರಲ್ಲಿ ದೊಡ್ಡವರ ಕಟ್ಟಡ ಯಾವುದು, ಎಂಟು ವರ್ಷದ ಹುಡುಗನದು ಯಾವುದು ಅಂತ ಗುರುತು ಹಿಡಿಯೋದು ಕಷ್ಟವಾಯಿತು.

ಆ ಮೇಜಿನಿಂದ ತಲೆ ಎತ್ತಿದರೆ ಕಾಣುತ್ತಿದ್ದದ್ದು ಹಡ್ಸನ್ ಯಾರ್ಡ್ಸ್‌ನ ಕ್ರೇನುಗಳು. ಅಮೆರಿಕದ ಅತಿ ದೊಡ್ಡ ಖಾಸಗಿ ಕಟ್ಟಡ ಯೋಜನೆಗಳಲ್ಲಿ ಒಂದು ಅಲ್ಲಿ ಮೇಲೇಳುತ್ತಿತ್ತು. ಮೇಜಿನ ಮೇಲೆ ಯಾರು ಬೇಕಾದರೂ ರೆಂಜೋ ಪಿಯಾನೋ ಕಚೇರಿಯ ಗೋಪುರಕ್ಕೆ ಕೈ ಹಾಕಬಹುದು. ಮೇಜಿನಾಚೆಯ ಗೋಪುರಕ್ಕೆ ಒಂದು ಕಿಟಕಿ ಎಲ್ಲಿರಬೇಕು ಅಂತ ಹೇಳೋಕೂ ಆಗದು. ಈ ಅಂತರ ನನ್ನನ್ನು ಕಾಡುತ್ತದೆ. ಇಂಥ ಕಲೆಯ ಮೇಲೆ ನನಗೆ ಬಹಳ ಪ್ರೀತಿ ಇದೆ. ಅದಕ್ಕೇ ಹೇಳುತ್ತೇನೆ: ಮೇಜಿನ ಮೇಲೆ ಕಟ್ಟಿದ್ದು ಮೇಜಿನಿಂದ ಆಚೆಗೆ ಹೋಗುವ ದಾರಿ ಇಲ್ಲದಿದ್ದರೆ, ಜನರಿಗೆ ಒಂದು ಒಳ್ಳೆಯ ಮಧ್ಯಾಹ್ನ ಸಿಕ್ಕಿತು ಅಷ್ಟೇ. ಒಳ್ಳೆಯ ಮಧ್ಯಾಹ್ನ ಕಡಿಮೆ ಬೆಲೆಯದ್ದಲ್ಲ. ಆದರೆ ಅದಕ್ಕೆ ಊರು ಕಟ್ಟಿದ್ದು ಅನ್ನೋ ಹೆಸರು ಕೊಡಬಾರದು.

ಇಲ್ಲಿ ಗೇಮ್ ಆಡುವವರು ಕೂತಿದ್ದೀರಿ. ನಿಮಗೆ ಊರು ಕಟ್ಟೋದು ಅಂದ ತಕ್ಷಣ ಸಿಮ್‌ಸಿಟಿ ನೆನಪಾಗುತ್ತದೆ, ಅಲ್ವಾ. 1989ರಲ್ಲಿ ವಿಲ್ ರೈಟ್ ಮಾಡಿದ ಆಟ. ಅದಕ್ಕೂ ಮುಂಚೆ ಅವರು ಹೆಲಿಕಾಪ್ಟರಿನಿಂದ ಬಾಂಬು ಹಾಕುವ ಒಂದು ಆಟ ಮಾಡುತ್ತಿದ್ದರು. ಬಾಂಬು ಬೀಳಬೇಕಾದ ದ್ವೀಪಗಳನ್ನು ಕಟ್ಟೋದೇ ಅವರಿಗೆ ಜಾಸ್ತಿ ಖುಷಿ ಕೊಟ್ಟಿತು. ಅಲ್ಲಿಂದ ಹುಟ್ಟಿದ್ದು ಸಿಮ್‌ಸಿಟಿ. ಊರು ಹೇಗೆ ಬೆಳೆಯುತ್ತದೆ, ಹೇಗೆ ಸೊರಗುತ್ತದೆ ಅನ್ನುವ ಲೆಕ್ಕಾಚಾರಕ್ಕೆ ಅವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೇ ಫಾರೆಸ್ಟರ್ 1969ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪ್ರೇರಣೆ ಪಡೆದಿದ್ದರು.

ಆಟ ಬಹಳ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅದರಲ್ಲಿ ನೀವು ಒಬ್ಬರೇ. ಆಕಾಶದಿಂದ ಕೆಳಗೆ ನೋಡುತ್ತಿದ್ದೀರಿ. ಒಂದು ಕ್ಲಿಕ್ಕಿಗೆ ಒಂದು ಬೀದಿ ನೆಲಸಮ. ಆ ಬೀದಿಯವರು ಬಂದು ನಿಮ್ಮ ಮೇಜಿನ ಪಕ್ಕ ನಿಲ್ಲುವುದಿಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಇದೆ, ಅದು ಕಣ್ಣಿಗೆ ಬೀಳುವುದೇ ಇಲ್ಲ. 2013ರಲ್ಲಿ ಸಿಮ್‌ಸಿಟಿಯ ಹೊಸ ಆವೃತ್ತಿ ಬಂತು. ಅದರ ಮುಖ್ಯ ವಿನ್ಯಾಸಕ ಸ್ಟೋನ್ ಲೈಬ್ರ್ಯಾಂಡ್ ಒಂದು ಸಂದರ್ಶನದಲ್ಲಿ ಹೇಳಿದ ಮಾತಿದೆ. ಅವರು ಗೂಗಲ್ ಅರ್ಥ್‌ನಲ್ಲಿ ನಿಜವಾದ ಅಂಗಡಿಗಳನ್ನು, ಅವುಗಳ ಪಾರ್ಕಿಂಗ್ ಜಾಗವನ್ನು ಅಳೆದು ನೋಡಿದರಂತೆ. ಅಂಗಡಿಗಿಂತ ಪಾರ್ಕಿಂಗೇ ದೊಡ್ಡದು. ಅದನ್ನು ಇದ್ದ ಹಾಗೇ ಆಟಕ್ಕೆ ತಂದರೆ ಊರೆಲ್ಲ ಬರೀ ಪಾರ್ಕಿಂಗ್ ಆಗಿ ಬೇಜಾರು ಬರುತ್ತದೆ ಅಂತ, ಹೆಚ್ಚಿನದೆಲ್ಲ ನೆಲದಡಿ ಇದೆ ಅಂದುಕೊಂಡು, ನೆಲದ ಮೇಲೆ ಸ್ವಲ್ಪ ಮಾತ್ರ ತೋರಿಸಿದರು.

ಯೋಚನೆ ಮಾಡಿ. ಲಕ್ಷಾಂತರ ಜನ ಆ ಆಟದಲ್ಲಿ ಊರು ಕಟ್ಟಿದರು. ಕಾರು ನಿಲ್ಲಿಸೋಕೆ ಎಷ್ಟು ನೆಲ ಬೇಕು ಅನ್ನುವ ಪ್ರಶ್ನೆ ಯಾರ ಮುಂದೆಯೂ ಬರಲಿಲ್ಲ. ಅದನ್ನು ಬೇರೆ ಯಾರೋ ಮೊದಲೇ ತೀರ್ಮಾನಿಸಿ ಆಗಿತ್ತು. ಆಟದ ನಿಯಮ ಬರೆಯುವವರ ಕೈಯಲ್ಲಿ ಇಷ್ಟು ಬಲ ಇರುತ್ತದೆ. ನಿಜವಾದ ಊರಿನ ಮಾಸ್ಟರ್ ಪ್ಲಾನ್, ಅಂದರೆ ಯಾವ ನೆಲ ಯಾವುದಕ್ಕೆ ಅಂತ ಸರಕಾರ ಬರೆಯುವ ಯೋಜನೆ, ಅದೂ ಹೀಗೇ. ನಕ್ಷೆಯಲ್ಲಿ ಮನೆಗಳ ಹಳದಿ ಬಣ್ಣ ಎಲ್ಲಿ, ಅಂಗಡಿಗಳ ನೀಲಿ ಎಲ್ಲಿ ಅಂತ ನಾವು ಜಗಳ ಆಡುತ್ತೇವೆ. ಬೀದಿ ಬದಿ ವ್ಯಾಪಾರಿಗೆ ಆ ನಕ್ಷೆಯಲ್ಲಿ ಒಂದು ಬಣ್ಣವೇ ಇಲ್ಲ ಅನ್ನೋದು ಗಮನಕ್ಕೆ ಬರೋದು ತಡವಾಗಿ.

ಈಗ ಹ್ಯಾಂಬರ್ಗ್‌ಗೆ ಬರುತ್ತೇನೆ. ಈ ಮಾತಿನಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಅದು. ಅಲ್ಲಿ ಆಟದ ಮೇಜು ಮತ್ತು ಸರಕಾರದ ಮೇಜು ಒಂದಕ್ಕೊಂದು ತಾಗಿದವು.

2015ರಲ್ಲಿ ಸಿರಿಯಾ ಮತ್ತಿತರ ದೇಶಗಳಿಂದ ಯುದ್ಧ ತಪ್ಪಿಸಿಕೊಂಡು ಲಕ್ಷಾಂತರ ಜನ ಜರ್ಮನಿಗೆ ಬಂದರು. ಪ್ರತಿ ರಾಜ್ಯ ಇಂತಿಷ್ಟು ಜನರನ್ನು ನೋಡಿಕೊಳ್ಳಬೇಕು ಅಂತ ಅಲ್ಲಿ ಸೂತ್ರ ಇದೆ. ಹ್ಯಾಂಬರ್ಗ್ ಊರೂ ಹೌದು, ರಾಜ್ಯವೂ ಹೌದು. ನೆಲ ಕಡಿಮೆ, ಜನ ಜಾಸ್ತಿ. ಅಲ್ಲಿನ ಶ್ರೀಮಂತ ಬಡಾವಣೆಯೊಂದರಲ್ಲಿ ನಿರಾಶ್ರಿತರಿಗೆ ವಸತಿ ಮಾಡಲು ಹೊರಟಾಗ ಅಕ್ಕಪಕ್ಕದವರು ಕೋರ್ಟಿಗೆ ಹೋಗಿ ತಡೆ ತಂದರು. ಬೇರೆ ಕಡೆಗಳಲ್ಲೂ ವಿರೋಧ ಎದ್ದಿತು. ಬರಬೇಡಿ ಅಂತ ಎಲ್ಲರೂ ಬಾಯಿಬಿಟ್ಟು ಹೇಳಲಿಲ್ಲ. ಬರಲಿ, ನಮ್ಮ ಬೀದಿಗೆ ಬೇಡ ಅಂದವರೇ ಜಾಸ್ತಿ.

ಆಗ, 2016ರಲ್ಲಿ, ಅಲ್ಲಿನ ಹಾಫೆನ್‌ಸಿಟಿ ವಿಶ್ವವಿದ್ಯಾಲಯದ ಸಿಟಿ ಸೈನ್ಸ್ ಲ್ಯಾಬ್ ಮತ್ತು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ ಸೇರಿ ‘ಫೈಂಡಿಂಗ್ ಪ್ಲೇಸಸ್’ ಅನ್ನುವ ಕೆಲಸ ಶುರು ಮಾಡಿದವು. ಆಗ ಊರಿನ ಮೇಯರ್ ಆಗಿದ್ದವರು ಮುಂದೆ ಜರ್ಮನಿಯ ಚಾನ್ಸಲರ್ ಆದ ಓಲಾಫ್ ಶೋಲ್ಜ್. ಇನ್ನೂ 20 ಸಾವಿರ ಜನರಿಗೆ ಜಾಗ ಬೇಕಿತ್ತು. ಅದನ್ನು ಊರಿನವರೇ ಹುಡುಕಲಿ ಅನ್ನೋದು ಯೋಜನೆ.

ಆ ಮೇಜನ್ನು ಹತ್ತಿರದಿಂದ ನೋಡಿ. ಮೇಜಿನ ಮೇಲೆ ಬಡಾವಣೆಯ ನಕ್ಷೆ ಬೆಳಕಿನಲ್ಲಿ ಬಿದ್ದಿದೆ. ಸುತ್ತ ಆ ಭಾಗದ ನಿವಾಸಿಗಳು ನಿಂತಿದ್ದಾರೆ. ಕೈಯಲ್ಲಿ ಲೆಗೋ ಇಟ್ಟಿಗೆ. ಒಂದೊಂದು ಇಟ್ಟಿಗೆ ಅಂದರೆ ಇಂತಿಷ್ಟು ಜನರ ವಸತಿ. ಇಟ್ಟಿಗೆಗೆ ಒಂದು ಗುರುತು ಇದೆ, ಅದನ್ನು ಕ್ಯಾಮೆರಾ ಓದುತ್ತದೆ. ಯಾರಾದರೂ ಒಂದು ಖಾಲಿ ಜಾಗದ ಮೇಲೆ ಇಟ್ಟಿಗೆ ಇಟ್ಟ ತಕ್ಷಣ ಕಂಪ್ಯೂಟರ್ ಆ ಜಾಗದ ಜಾತಕ ತೆರೆಯುತ್ತದೆ: ಯಾರ ನೆಲ, ಹಸಿರು ವಲಯವಾ, ಸದ್ದು ಎಷ್ಟು, ಇನ್ನೇನು ತೊಡಕು. ಪಕ್ಕದ ಪರದೆಯಲ್ಲಿ ಒಟ್ಟು ಎಷ್ಟು ಜನರಿಗೆ ಜಾಗ ಸಿಕ್ಕಿತು ಅನ್ನುವ ಅಂಕಿ ಏರುತ್ತದೆ. ಆಟದ ಸ್ಕೋರ್ ಥರವೇ. ಆದರೆ ಆ ಸ್ಕೋರಿನ ಒಂದೊಂದು ಅಂಕಿಯೂ ಶಿಬಿರದಲ್ಲಿ ಮಲಗಿರುವ ಒಬ್ಬ ಮನುಷ್ಯ.

ಇಲ್ಲಿ ಒಂದು ಬದಲಾವಣೆ ಆಗುತ್ತದೆ. ಸಾರ್ವಜನಿಕ ಸಭೆಯಲ್ಲಿ ಮೈಕ್ ಹಿಡಿದು ನಮ್ಮಲ್ಲಿ ಜಾಗ ಇಲ್ಲ ಅನ್ನೋದು ಸುಲಭ. ಕೈಯಲ್ಲಿ ಇಟ್ಟಿಗೆ ಇರುವಾಗ, ಅಂಕಿ ಇನ್ನೂ ಮೇಲೇರಬೇಕಾಗಿರುವಾಗ ಹಾಗಂತ ಅಂದು ಕೈ ತೊಳೆದುಕೊಳ್ಳೋಕೆ ಆಗಲ್ಲ. ಇಲ್ಲಿ ಬೇಡ ಅಂದರೆ ಎಲ್ಲಿ ಅಂತ ತೋರಿಸಬೇಕು. ತೋರಿಸಿದ ಜಾಗದ ಪಕ್ಕದಲ್ಲಿ ಮನೆ ಇರುವವರು ಎದುರಿಗೇ ನಿಂತಿರುತ್ತಾರೆ. ಟಿರಾನಾದ ಮೇಜಿನಲ್ಲಿ ಸೇತುವೆ ಕಟ್ಟಲು ಹೊರಟವಳಿಗೆ ಎದುರಾದ ಪ್ರಶ್ನೆಯೇ ಇಲ್ಲಿ ಮತ್ತೆ ಬಂತು. ಈ ಸಲ ನಿಜವಾದ ನೆಲದ ಮೇಲೆ.

ಮೂವತ್ತಕ್ಕೂ ಹೆಚ್ಚು ಇಂಥ ಕೂಟ ನಡೆದವು. ಸುಮಾರು 400 ಜನ ಬಂದರು. ಸುಮಾರು 160 ಜಾಗ ಸೂಚಿಸಿದರು. ಅವನ್ನು ಇಲಾಖೆಗಳು ಒಂದೊಂದಾಗಿ ಪರಿಶೀಲಿಸಿದವು. 44 ಜಾಗ ಆಗಬಹುದು ಅಂದವು. ಕೊನೆಗೆ ಕಟ್ಟಡ ಎದ್ದದ್ದು ಅದರಲ್ಲೂ ಕೆಲವು ಕಡೆ ಮಾತ್ರ, ಯಾಕೆಂದರೆ ಅಷ್ಟರಲ್ಲಿ ಬರುವವರ ಸಂಖ್ಯೆ ಇಳಿದಿತ್ತು. ಸಂಖ್ಯೆ ನೋಡಿ ಇಷ್ಟೇನಾ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗನ್ನಿಸಲ್ಲ. ಯಾರೂ ತಮ್ಮ ಪಕ್ಕದಲ್ಲಿ ಬಯಸದ ಒಂದು ವಸ್ತುವಿಗೆ ಊರಿನವರು ತಾವಾಗಿಯೇ 160 ಜಾಗ ತೋರಿಸಿದರಲ್ಲ, ಅದು ಚಿಕ್ಕ ಮಾತಲ್ಲ.

ಆದರೆ ಆ ಮೇಜಿನಲ್ಲೂ ಒಂದು ಕೊರತೆ ಇತ್ತು. ಆಹ್ವಾನ ಇದ್ದದ್ದು ಊರಿನ ನಿವಾಸಿಗಳಿಗೆ. ಆ ಮನೆಗಳಲ್ಲಿ ಇರಬೇಕಾದವರು, ಅಂದರೆ ಆಗಷ್ಟೇ ಬಂದವರು, ಅಲ್ಲಿ ಇಟ್ಟಿಗೆಯಾಗಿ ಇದ್ದರು. ಮೇಜಿನ ಸುತ್ತ ನಿಂತವರಾಗಿ ಅಲ್ಲ. ಬಸ್ ಸ್ಟಾಪಿಗೆ ಎಷ್ಟು ದೂರ ನಡೆಯಬಹುದು, ಅಡುಗೆಗೆ ಏನು ಬೇಕು, ಮಕ್ಕಳ ಶಾಲೆ ಎಲ್ಲಿ ಅನ್ನೋದನ್ನು ಅವರ ಬಾಯಿಂದಲೇ ಕೇಳಬೇಕಿತ್ತು.

ಈ ಕೊರತೆಯನ್ನು ಬೇರೆ ಒಂದು ಕೆಲಸ ಚೆನ್ನಾಗಿ ತುಂಬಿದೆ. ಪರದೆಯ ಮೇಲೆ ಘನಾಕಾರದ ತುಂಡು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟ ಮಾಡಿದ ಸ್ವೀಡನ್ನಿನ ಮೊಜಾಂಗ್ ಕಂಪನಿ ಮತ್ತು ವಿಶ್ವಸಂಸ್ಥೆಯಲ್ಲಿ ಊರು, ವಸತಿ ನೋಡಿಕೊಳ್ಳುವ ಯುಎನ್ ಹ್ಯಾಬಿಟಾಟ್ ಸೇರಿ 2012ರಲ್ಲಿ ‘ಬ್ಲಾಕ್ ಬೈ ಬ್ಲಾಕ್’ ಶುರು ಮಾಡಿದವು. ಮೊದಲು ಕೈ ಹಾಕಿದ ಜಾಗಗಳಲ್ಲಿ ಒಂದು ನೈರೋಬಿಯ ಕಿಬೇರಾ ಕೊಳೆಗೇರಿಯ ಆಟದ ಮೈದಾನ. ಮೈನ್‌ಕ್ರಾಫ್ಟ್‌ನಲ್ಲಿ ಒಂದು ಘನ ಅಂದರೆ ಒಂದು ಮೀಟರ್. ಅಳತೆ ಪಟ್ಟಿ, ನಕ್ಷೆ ಓದುವ ವಿದ್ಯೆ ಏನೂ ಬೇಡ. ಗೋಡೆ ಮೂರು ಘನ ಎತ್ತರ ಅಂದರೆ ಮೂರು ಮೀಟರ್. ನಿಜವಾದ ಜಾಗದ ಮಾದರಿಯನ್ನು ಮೊದಲೇ ಆಟದೊಳಗೆ ಕಟ್ಟಿ ಇಟ್ಟಿರುತ್ತಾರೆ. ಆ ಜಾಗ ಬಳಸುವವರು ಒಂದು ಕಂಪ್ಯೂಟರಿಗೆ ಇಬ್ಬರು ಮೂವರಂತೆ ಕೂತು ಅದನ್ನು ಬದಲಾಯಿಸುತ್ತಾರೆ. ಕೊನೆಯ ದಿನ ಅಧಿಕಾರಿಗಳ ಎದುರಿಗೆ ತೋರಿಸುತ್ತಾರೆ. ವಿಯೆಟ್ನಾಂನ ಹನೋಯ್ ಹೊರವಲಯದಲ್ಲಿ ಹದಿಹರೆಯದ ಹುಡುಗಿಯರು ತಾವು ಶಾಲೆಗೆ ಹೋಗುವ ದಾರಿಯನ್ನು ಹೀಗೆ ಕಟ್ಟಿ ತೋರಿಸಿದರು. ಎಲ್ಲಿ ಕತ್ತಲು, ಎಲ್ಲಿ ಭಯ, ಎಲ್ಲಿ ದೀಪ ಬೇಕು ಅಂತ. ಭಯ ಎಲ್ಲಿದೆ ಅನ್ನೋದು ಯಾವ ಇಲಾಖೆಯ ನಕ್ಷೆಯಲ್ಲೂ ಇರಲ್ಲ. ಆ ದಾರಿಯಲ್ಲಿ ದಿನಾ ನಡೆಯುವ ಹುಡುಗಿಗೆ ಗೊತ್ತಿರುತ್ತದೆ.

ಮಕ್ಕಳ ವಿಷಯ ಬಂತು, ಹಾಗಾಗಿ 1968ಕ್ಕೆ ಒಂದು ಸಣ್ಣ ಸುತ್ತು. ಸ್ಟಾಕ್‌ಹೋಮಿನ ಮಾಡರ್ನಾ ಮ್ಯೂಸಿಯಮ್ಮಿನಲ್ಲಿ ಪಾಲೆ ನೀಲ್ಸನ್ ಎಂಬ ಡೆನ್ಮಾರ್ಕಿನ ಕಲಾವಿದ ಇಡೀ ಹಜಾರವನ್ನು ಮಕ್ಕಳಿಗೆ ಬಿಟ್ಟುಕೊಟ್ಟರು. ಹಲಗೆ, ಸುತ್ತಿಗೆ, ಬಣ್ಣ, ಧುಮುಕೋಕೆ ದೊಡ್ಡ ಸ್ಪಂಜಿನ ಹೊಂಡ. ಮಕ್ಕಳಿಗೆ ಪುಕ್ಕಟೆ, ದೊಡ್ಡವರಿಗೆ ಟಿಕೆಟ್. ಮೂರು ವಾರದಲ್ಲಿ 33 ಸಾವಿರಕ್ಕೂ ಹೆಚ್ಚು ಜನ ಬಂದರು, ಅದರಲ್ಲಿ 20 ಸಾವಿರದಷ್ಟು ಮಕ್ಕಳೇ. ನೀಲ್ಸನ್ ಅದಕ್ಕೂ ಮುಂಚೆ ಕೋಪನ್‌ಹೇಗನ್‌ನ ನೊರೆಬ್ರೋ ಬಡಾವಣೆಯಲ್ಲಿ ನಿವಾಸಿಗಳ ಜೊತೆ ಸೇರಿ, ಪರವಾನಗಿ ಕೇಳದೆ, ಹಿತ್ತಲಿನ ಕಸ ತೆಗೆದು ಆಟದ ಜಾಗ ಮಾಡಿದ್ದರು. ನಾವು ಇವತ್ತು ಮಾತಾಡುತ್ತಿರುವ ಕೆಲಸಕ್ಕೆ ಅರ್ಧ ಶತಮಾನಕ್ಕೂ ಹಿಂದಿನ ಬೇರು ಇದೆ.

ಇನ್ನು ನಮ್ಮ ಊರು. ಬೆಂಗಳೂರಿನಲ್ಲಿ ಆಟದ ಮೂಲಕ ಊರಿನ ಪ್ರಶ್ನೆಗಳನ್ನು ಎತ್ತುವ ಕೆಲಸ ಇಲ್ಲವೇ ಇಲ್ಲ ಅಂತಲ್ಲ. ಫೀಲ್ಡ್ಸ್ ಆಫ್ ವ್ಯೂ ಅನ್ನುವ ಸಂಸ್ಥೆ ಇಲ್ಲೇ ಕೂತು ವರ್ಷಗಳಿಂದ ಇಂಥ ಆಟಗಳನ್ನು ಮಾಡುತ್ತಾ ಬಂದಿದೆ. ‘ರಬ್ಬಿಶ್’ ಅನ್ನುವ ಅವರ ಆಟದಲ್ಲಿ ನೀವು ಒಣಕಸ ಸಂಗ್ರಹ ಕೇಂದ್ರ ನಡೆಸಬೇಕು. ಕಸ ಆಯುವವರ ಬದುಕು ಎಷ್ಟು ಸೂಕ್ಷ್ಮವಾದ ಲೆಕ್ಕದ ಮೇಲೆ ನಿಂತಿದೆ ಅಂತ ಆಡಿದ ಮೇಲೆ ಮೈಗೆ ತಾಗುತ್ತದೆ. ಊರನ್ನೇ ಸೇರಿ ಕಟ್ಟುವ ಆಟವೂ ಅವರಲ್ಲಿದೆ.

ಆದರೆ ಊರಿನ ದೊಡ್ಡ ತೀರ್ಮಾನಗಳು ಆಗುವ ಕಡೆ ಇಂಥ ಮೇಜು ಇಲ್ಲ. 2016ರ ಅಕ್ಟೋಬರ್ ನೆನಪಿದೆಯಾ? ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಬರುತ್ತದೆ, 800ಕ್ಕೂ ಹೆಚ್ಚು ಮರ ಹೋಗುತ್ತದೆ ಅಂದಾಗ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. 2017ರ ಮಾರ್ಚ್‌ನಲ್ಲಿ ಸರಕಾರ ಯೋಜನೆ ಕೈಬಿಟ್ಟಿತು. ಅದು ದೊಡ್ಡ ಗೆಲುವು. ಆದರೆ ಹೆಬ್ಬಾಳದ ಟ್ರಾಫಿಕ್ ಹಾಗೇ ಉಳಿಯಿತು. ಸೇತುವೆ ಬೇಡವಾದರೆ ಆ ದಾರಿಯಲ್ಲಿ ಏನು ಬೇಕು ಅಂತ ಅದೇ ಸಾವಿರಾರು ಜನ ಕೂತು ಕಟ್ಟಿ ನೋಡೋಕೆ ಒಂದು ಜಾಗ ಸಿಗಲಿಲ್ಲ. 2031ರ ಮಾಸ್ಟರ್ ಪ್ಲಾನ್ ಕರಡು 2017ರ ಕೊನೆಯಲ್ಲಿ ಹೊರಬಂತು. ಜನರಿಗೆ ಇದ್ದ ದಾರಿ ಆಕ್ಷೇಪಣೆ ಬರೆದು ಕೊಡೋದು. ಸಾವಿರಾರು ಆಕ್ಷೇಪಣೆ ಬಂದವು. ಆಮೇಲೆ ಆ ಕರಡನ್ನೇ ಹಿಂತೆಗೆದರು. ಆಕ್ಷೇಪಣೆ ಅನ್ನೋದು ಒಬ್ಬೊಬ್ಬರೇ ಬರೆಯುವ ಕಾಗದ. ನನ್ನ ಆಕ್ಷೇಪಣೆ ಪಕ್ಕದ ಮನೆಯವರ ಆಕ್ಷೇಪಣೆಗೆ ಡಿಕ್ಕಿ ಹೊಡೆಯುತ್ತದಾ ಅಂತ ನನಗೆ ಗೊತ್ತಾಗೋದೇ ಇಲ್ಲ. ಮೇಜಿನ ಸುತ್ತ ನಿಂತರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮಾತು ಮುಗಿದ ಮೇಲೆ ಬಡಾವಣೆ ಸಂಘದ ಹಿರಿಯರೊಬ್ಬರು ಕೇಳಿದರು: ಇದೆಲ್ಲ ಸರಿ, ನಮ್ಮ ವಾರ್ಡಿಗೆ ಇಂಥದ್ದು ಮಾಡೋಕೆ ಆಗುತ್ತಾ, ಎಷ್ಟು ದೊಡ್ಡ ಮೇಜು ಬೇಕು?

ನಾನು ಹೇಳಿದ್ದು ಇದು. 1:500 ಅಳತೆ ಇಟ್ಟುಕೊಳ್ಳಿ. ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಜಾಗ ಎರಡು ಮೀಟರ್ ಚೌಕದ ಮೇಜಿನಲ್ಲಿ ಕೂರುತ್ತದೆ. ಮದುವೆ ಮನೆಯ ಊಟದ ಮೇಜು ನಾಲ್ಕೈದು ಜೋಡಿಸಿದರೆ ಆಯಿತು. ಲೆಗೋ ಇಟ್ಟಿಗೆಯ ಒಂದು ಗುಬುಟಿನಿಂದ ಇನ್ನೊಂದಕ್ಕೆ 8 ಮಿಲಿಮೀಟರ್. ಈ ಅಳತೆಯಲ್ಲಿ ಅದು 4 ಮೀಟರ್. ಎರಡು ಗುಬುಟು ಅಗಲ, ಮೂರು ಗುಬುಟು ಉದ್ದದ ಇಟ್ಟಿಗೆ 8 ಮೀಟರ್‌ಗೆ 12 ಮೀಟರ್. ಅಡಿಯಲ್ಲಿ ಹೇಳಿದರೆ 26ಕ್ಕೆ 39. ಅಂದರೆ ಹೆಚ್ಚು ಕಡಿಮೆ ನಮ್ಮ 30-40 ಸೈಟು! ಒಂದು ಇಟ್ಟಿಗೆ ಒಂದು ಸೈಟು. ಯಾರಿಗೂ ವಿವರಿಸಬೇಕಾಗಿಲ್ಲ, ಎಲ್ಲರಿಗೂ ತಮ್ಮ ಮನೆ ತಕ್ಷಣ ಸಿಗುತ್ತದೆ. ಲೆಗೋ ದುಬಾರಿ ಅನ್ನೋದು ನಿಜ. ಅದೇ ಅಳತೆಗೆ ಮರದ ತುಂಡು ಕತ್ತರಿಸಿ ಕೊಡುವವರು ಚನ್ನಪಟ್ಟಣದಲ್ಲೂ ಇದ್ದಾರೆ, ನಿಮ್ಮ ಬೀದಿಯ ಬಡಗಿಯೂ ಇದ್ದಾರೆ. ಅಂಟಿಕೊಳ್ಳದಿದ್ದರೂ ಪರವಾಗಿಲ್ಲ.

ನಿಯಮ ಮಾತ್ರ ಮೊದಲೇ ಮಾತಾಡಿಕೊಳ್ಳಿ. ಇಟ್ಟಿಗೆ ಲೆಕ್ಕದ್ದಾಗಿರಲಿ, ಬೇಕಾದಷ್ಟು ಇರಬಾರದು. ಪಾರ್ಕಿಂಗಿಗೂ, ತಳ್ಳುಗಾಡಿಗೂ, ಕಸದ ಆಟೋ ನಿಲ್ಲೋಕೂ ಬೇರೆ ಬೇರೆ ಬಣ್ಣದ ತುಂಡು ಇರಲಿ, ಇಲ್ಲವಾದರೆ ಅವು ಮರೆತುಹೋಗುತ್ತವೆ. ಇನ್ನೊಬ್ಬರದನ್ನು ತೆಗೆಯಬಹುದು, ಆದರೆ ಯಾಕೆ ತೆಗೆದೆ ಅಂತ ಒಂದು ಚೀಟಿ ಬರೆದು ಅಲ್ಲೇ ಇಡಬೇಕು. ಬರೆಯೋಕೆ ಬಾರದವರಿಗೆ ಬರೆದುಕೊಡಲು ಒಬ್ಬರು ಇರಲಿ.

ಇನ್ನೊಂದು ಪ್ರಶ್ನೆ ಕೇಳಿದ್ದು ವಿದ್ಯಾರ್ಥಿನಿಯೊಬ್ಬಳು: ಮೇಜು ಎಲ್ಲಿಡೋದು, ಕಲಾ ಗ್ಯಾಲರಿಯಲ್ಲಾ?

ಗ್ಯಾಲರಿಯಲ್ಲಿ ಇಟ್ಟರೆ ಗ್ಯಾಲರಿಗೆ ಬರುವವರು ಮಾತ್ರ ಬರುತ್ತಾರೆ. ನನ್ನ ಆಯ್ಕೆ ತರಕಾರಿ ಮಾರ್ಕೆಟ್ಟಿನ ಬಾಗಿಲು, ಸಂಜೆ ಐದರಿಂದ ಎಂಟು. ಮನೆಕೆಲಸ ಮುಗಿಸಿ ವಾಪಸ್ ಹೋಗುವ ಹೆಂಗಸರು, ಆಟೋದವರು, ಟ್ಯೂಷನ್ನಿಗೆ ಹೋಗುವ ಮಕ್ಕಳು, ಎಲ್ಲರೂ ಹಾದುಹೋಗುವ ಹೊತ್ತು ಅದು. ನೆಲ ಮಟ್ಟದಿಂದ ಎರಡೂವರೆ ಅಡಿ ಎತ್ತರ ಸಾಕು, ಗಾಲಿ ಕುರ್ಚಿಯಲ್ಲಿ ಇರುವವರಿಗೂ ಚಿಕ್ಕ ಮಕ್ಕಳಿಗೂ ಕೈ ಎಟುಕಬೇಕು. ದಿನಾ ರಾತ್ರಿ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ತಿಂಗಳ ಕೊನೆಗೆ ಆ ಫೋಟೋಗಳನ್ನು, ಚೀಟಿಗಳನ್ನು ವಾರ್ಡ್ ಸಮಿತಿ ಸಭೆಗೆ ತಗೊಂಡು ಹೋಗಿ. ಎಂಜಿನಿಯರ್ ಅವರಿಂದ ಒಂದೊಂದಕ್ಕೂ ಉತ್ತರ ಬರೆಸಿಕೊಳ್ಳಿ: ಆಗುತ್ತದೆ, ಆಗಲ್ಲ, ಆಗದಿದ್ದರೆ ಯಾಕೆ. ಆ ಉತ್ತರದ ಪ್ರತಿಯನ್ನು ಮೇಜು ಇದ್ದ ಜಾಗದಲ್ಲೇ ಅಂಟಿಸಿ. ಇಷ್ಟು ಮಾಡಲು ಯಾರಾದರೂ ಮುಂದೆ ಬಂದರೆ, 1:500ರ ನಕ್ಷೆ ಬಿಡಿಸಿಕೊಡುವ ಕೆಲಸ ನನ್ನದು.